ಬಿಜಾಪುರ ಉಳಿಸಿಕೊಳ್ಳದ ಗುರು: ಮೀರ್ ಫತಹುಲ್ಲಾ ಶಿರಾಜಿ

ವಿಜಯಪುರಕ್ಕೆ ಬಂದ ಪರಸ್ಥಳದವರು ಮೊದಲು ಕೇಳುವುದು ಗೋಳಗುಮ್ಮಟವೆಲ್ಲಿ ಎಂದು. ಆಮೇಲೆ ಇಬ್ರಾಹಿಂ ರೋಜಾ, ಜುಮ್ಮಾ ಮಸೀದಿ, ಗಗನಮಹಲು, ಮಲಿಕ್-ಎ-ಮೈದಾನ ತೋಪು. ಸಿದ್ಧೇಶ್ವರ ಗುಡಿಯ ದರ್ಶನ ಮುಗಿಸಿಕೊಂಡು ಒಳಕೋಟೆಯ ಕಡೆಗೆ ನಡೆದವರಿಗೆ ಹಾದಿಯುದ್ದಕ್ಕೂ ಆದಿಲಶಾಹಿ ಅರಸರ ಕಾಲದ ಕಮಾನುಗಳು, ಗೋಡೆಗಳು, ಬಾವಿಗಳು ಎದುರಾಗುತ್ತವೆ. ಕಟ್ಟಿಸಿದ ಅರಸನ ಹೆಸರು ಕಟ್ಟಡದೊಡನೆ ಉಳಿದಿದೆ. ಆದರೆ ಆ ಅರಸರ ಕಾಲದಲ್ಲಿ ಈ ಊರಿನಲ್ಲಿ ನೆಲೆಸಿ, ವಿದ್ಯೆಯನ್ನು ಹಂಚಿ, ಕೊನೆಗೆ ಇಲ್ಲಿಂದ ಹೊರಟುಹೋದ ಒಬ್ಬ ಮಹಾ ಆಚಾರ್ಯನ ಹೆಸರನ್ನು ಇಂದು ಊರಿನಲ್ಲಿ ಬಲ್ಲವರು ವಿರಳ. ಆತನೇ ಮೀರ್ ಫತಹುಲ್ಲಾ ಶಿರಾಜಿ. ಹದಿನಾರನೆಯ ಶತಮಾನದ ಭಾರತದಲ್ಲಿ ಆತನಿಗೆ ಸಮನಾದ ವಿದ್ವಾಂಸನಿರಲಿಲ್ಲವೆಂದು ಮಿತ್ರರೂ ಒಪ್ಪಿದರು, ಮತದಲ್ಲಿ ಪ್ರತಿಪಕ್ಷದವರೂ ಒಪ್ಪಿದರು. ಅಂಥವರ ಜೀವನವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಶಿರಾಜಿಯವರು ಶಿಯಾ ಪಂಥದ ವಿದ್ವಾಂಸರು. ಶಿಯಾ ಎಂಬ ಮಾತು ನಮ್ಮ ಸೀಮೆಯವರಿಗೆ ಹೊಸದೆನಿಸಿದರೂ ಅದರ ಛಾಯೆ ಹೊಸದಲ್ಲ. ತಿಕೋಟಾ, ಬಬಲೇಶ್ವರದ ಸುತ್ತಣ ಹಳ್ಳಿಗಳೂ ಸೇರಿದಂತೆ ಉತ್ತರ ಕರ್ನಾಟಕದಲ್ಲೆಲ್ಲ ಮೊಹರಂ ಹಬ್ಬಕ್ಕೆ ಡೋಲಿಗಳು ಏಳುತ್ತವೆ, ಅಲಾವಿಯ ಸುತ್ತ ಹೆಜ್ಜೆಮೇಳ ಕುಣಿಯುತ್ತದೆ, ಹಸನ್ ಹುಸೇನರ ಕಥೆಯನ್ನು ರಿವಾಯತ ಪದಗಳಲ್ಲಿ ಕನ್ನಡದಲ್ಲಿಯೇ ಹಾಡುತ್ತಾರೆ. ಅದರಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಊರವರೆಲ್ಲ ಸೇರುತ್ತಾರೆ. ಪೈಗಂಬರರ ಮೊಮ್ಮಗನಾದ ಹುಸೇನರು ಕ್ರಿ.ಶ. ೬೮೦ರಲ್ಲಿ ಕರ್ಬಲಾದಲ್ಲಿ ಹತರಾದ ದುಃಖದ ಸ್ಮರಣೆಯೇ ಈ ಆಚರಣೆ. ಪೈಗಂಬರರ ತರುವಾಯ ಸಮುದಾಯದ ನಾಯಕತ್ವವು ಅವರ ಅಳಿಯ ಅಲಿಯವರಿಗೂ ಅವರ ಸಂತತಿಯ ಇಮಾಮರಿಗೂ ಸಲ್ಲಬೇಕಾದುದೆಂದು ನಂಬುವವರೇ ಶಿಯಾಗಳು. ಹನ್ನೆರಡು ಇಮಾಮರನ್ನು ಒಪ್ಪುವ ಈ ಪಂಥವನ್ನು ೧೫೦೧ರಲ್ಲಿ ಪರ್ಶಿಯಾದ ಸಫವಿ ಅರಸರು ರಾಜಧರ್ಮವೆಂದು ಸಾರಿದರು. ಅದರ ಮರುವರ್ಷವೇ ಬಿಜಾಪುರದಲ್ಲಿ ಯೂಸುಫ್ ಆದಿಲಶಹನು ಹನ್ನೆರಡು ಇಮಾಮರ ಹೆಸರಿನಲ್ಲಿ ಖುತ್ಬಾ ಓದಿಸಿದನು. ಭಾರತದಲ್ಲಿ ಇಂಥ ಘೋಷಣೆ ಮಾಡಿದ ಮೊದಲ ರಾಜ್ಯಗಳಲ್ಲಿ ಬಿಜಾಪುರವೂ ಒಂದು ಎಂಬುದು ಗಮನಾರ್ಹ.

ಆದರೆ ರಾಜಧರ್ಮವು ಅರಸನೊಡನೆ ಬದಲಾಗುತ್ತಿತ್ತು. ೧೫೩೪ರಲ್ಲಿ ಪಟ್ಟವೇರಿದ ಮೊದಲನೆಯ ಇಬ್ರಾಹಿಮನು ಸುನ್ನಿ ಪಂಥವನ್ನು ಮತ್ತೆ ಎತ್ತಿಹಿಡಿದನು. ೧೫೫೮ರಲ್ಲಿ ಅವನ ಮಗ ಮೊದಲನೆಯ ಅಲಿ ಆದಿಲಶಹನು ಪುನಃ ಶಿಯಾ ಖುತ್ಬಾವನ್ನು ತಂದನು. ಇದರ ಹಿಂದೆ ನಂಬಿಕೆಯಷ್ಟೇ ಅಲ್ಲ, ಬಣಗಳ ಬಲಾಬಲವೂ ಇತ್ತು. ಪರ್ಶಿಯಾದಿಂದಲೂ ಅದರಾಚೆಯ ನಾಡುಗಳಿಂದಲೂ ಕಡಲು ದಾಟಿ ಬಂದವರನ್ನು ಅಫಾಕಿಗಳೆನ್ನುತ್ತಿದ್ದರು. ಅವರಲ್ಲಿ ಬಹುಮಂದಿ ಶಿಯಾಗಳು. ಈ ನೆಲದಲ್ಲಿಯೇ ಬೇರೂರಿದವರು ದಖನಿಗಳು. ಅವರೊಡನೆ ಹಬಸಿ ಸರದಾರರೂ ಕೂಡಿಕೊಳ್ಳುತ್ತಿದ್ದರು. ದರ್ಬಾರಿನಲ್ಲಿ ಒಂದು ಬಣವು ಮೇಲಾದಾಗ ಇನ್ನೊಂದು ಬಣದವರು ಪದವಿ ಕಳೆದುಕೊಳ್ಳುವರು, ಕೆಲವೊಮ್ಮೆ ತಲೆಯನ್ನೂ ಕಳೆದುಕೊಳ್ಳುವರು. ಶಿರಾಜಿಯವರ ಬಾಳಿನ ತಿರುವನ್ನು ಅರಿಯಬೇಕಾದರೆ ಈ ಹಿನ್ನೆಲೆಯನ್ನು ನೆನಪಿನಲ್ಲಿಡಬೇಕು.

ಶಿರಾಜ್ ನಗರವು ಪರ್ಶಿಯಾದ ವಿದ್ಯಾಕ್ಷೇತ್ರ. ಸಯ್ಯದ್ ಮನೆತನದ ಫತಹುಲ್ಲಾ ಅವರು ಅಲ್ಲಿ ಖ್ವಾಜಾ ಜಮಾಲುದ್ದೀನ್ ಮಹಮೂದ್, ಕಮಾಲುದ್ದೀನ್ ಶಿರ್ವಾನಿ, ಮೀರ್ ಘಿಯಾಸುದ್ದೀನ್ ಮನ್ಸೂರ್ ಮೊದಲಾದ ಹೆಸರಾಂತ ಗುರುಗಳ ಬಳಿ ಓದಿದರು. ಇವರಲ್ಲಿ ಘಿಯಾಸುದ್ದೀನ್ ಮನ್ಸೂರರ ತಂದೆಯೇ ಶಿರಾಜಿನಲ್ಲಿ ಮನ್ಸೂರಿಯಾ ಎಂಬ ಮದ್ರಸಾವನ್ನು ಸ್ಥಾಪಿಸಿದವರು. ಈ ಗುರುಪರಂಪರೆಯ ವೈಶಿಷ್ಟ್ಯವೇನೆಂದರೆ, ಧರ್ಮಗ್ರಂಥಗಳ ವ್ಯಾಖ್ಯಾನದ ಜೊತೆಗೆ ತರ್ಕ, ತತ್ತ್ವಶಾಸ್ತ್ರ, ಗಣಿತ, ಖಗೋಳ, ವೈದ್ಯ, ಯಂತ್ರವಿದ್ಯೆಗಳನ್ನೂ ಒಂದೇ ಜ್ಞಾನವೃಕ್ಷದ ಕೊಂಬೆಗಳೆಂದು ಬಗೆದು ಕಲಿಸುತ್ತಿದ್ದುದು. ಅವರ ದೃಷ್ಟಿಯಲ್ಲಿ ಬುದ್ಧಿಯಿಂದ ಅರಿಯುವ ಶಾಸ್ತ್ರಕ್ಕೂ ಶ್ರದ್ಧೆಯಿಂದ ಗ್ರಹಿಸುವ ಶಾಸ್ತ್ರಕ್ಕೂ ವೈರವಿರಲಿಲ್ಲ. ಶಿರಾಜಿಯವರು ಈ ಎರಡನ್ನೂ ಕೈವಶ ಮಾಡಿಕೊಂಡು ತಮ್ಮ ಊರಿನಲ್ಲಿಯೇ ಖ್ಯಾತರಾದರು.

ಆ ಖ್ಯಾತಿಯು ಕಡಲಾಚೆಯ ಬಿಜಾಪುರವನ್ನು ಮುಟ್ಟಿತು. ಅಲಿ ಆದಿಲಶಹನು ಯುದ್ಧವೀರನೆಂದೇ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಪ್ರಸಿದ್ಧ. ೧೫೬೫ರ ಜನವರಿಯಲ್ಲಿ ವಿಜಯನಗರದ ಸೇನೆಯನ್ನು ಸೋಲಿಸಿದ ಸುಲ್ತಾನರಲ್ಲಿ ಅವನೂ ಒಬ್ಬನು. ಆದರೆ ಅವನಿಗೆ ಪುಸ್ತಕಗಳ ಹುಚ್ಚೂ ಅಷ್ಟೇ ಇತ್ತು. ಅವನ ಗ್ರಂಥಾಲಯದಲ್ಲಿ ಲಿಪಿಕಾರರು, ಬಂಗಾರದ ರೇಖೆ ಬರೆಯುವವರು, ಚಿತ್ರಕಾರರು, ಪುಸ್ತಕಕ್ಕೆ ರಟ್ಟು ಕಟ್ಟುವವರು ಕೂಡಿ ಸುಮಾರು ೬೦ ಜನರು ದಿನವಿಡೀ ದುಡಿಯುತ್ತಿದ್ದರೆಂದು ಸಮಕಾಲೀನನಾದ ರಫಿಯುದ್ದೀನ್ ಶಿರಾಜಿ ಎಂಬ ಚರಿತ್ರಕಾರನು ಬರೆದಿದ್ದಾನೆ. ದಂಡಯಾತ್ರೆಗೆ ಹೊರಟಾಗಲೂ ಅರಸನೊಡನೆ ಪುಸ್ತಕದ ಪೆಟ್ಟಿಗೆಗಳು ಸಾಗುತ್ತಿದ್ದವು. ಆ ಗ್ರಂಥಾಲಯದ ಸೇವೆಯಲ್ಲಿ ಶೇಷ ವಾಮನ ಪಂಡಿತನೆಂಬ ಸಂಸ್ಕೃತ ವಿದ್ವಾಂಸನೂ ಇದ್ದನು. ೧೫೭೦ರಲ್ಲಿ ಅಲಿಯ ಆಸ್ಥಾನದಲ್ಲಿ ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಗ್ರಂಥದಲ್ಲಿ ಪರ್ಶಿಯನ್ ಜ್ಯೋತಿಷದೊಡನೆ ಭಾರತದ ದೇವತೆಗಳು, ಆಯುಧಗಳು, ಆನೆ ಕುದುರೆಗಳ ಲಕ್ಷಣಗಳು ಒಂದೆಡೆ ಸೇರಿವೆ. ಅದರ ಪ್ರತಿಯನ್ನು ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ ಕಾಣಬಹುದು. ಗೋವೆಯ ಕ್ರೈಸ್ತ ಪಾದ್ರಿಗಳನ್ನೂ ಧರ್ಮಚರ್ಚೆಗೆ ಕರೆಸಿಕೊಂಡ ಅರಸನಿವನು. ಇಂಥವನು ಶಿರಾಜಿನ ಆಚಾರ್ಯರ ಕೀರ್ತಿಯನ್ನು ಕೇಳಿ ಬಹುವಾಗಿ ಪ್ರಾರ್ಥಿಸಿ ಕರೆಸಿಕೊಂಡು, ತನ್ನ ಆಪ್ತರ ಪಂಕ್ತಿಯಲ್ಲಿ ಕೂಡಿಸಿದ್ದು ಸಹಜವೇ ಆಗಿದೆ.

ಹೀಗೆ ಬಿಜಾಪುರವು ಶಿರಾಜಿಯವರ ಎರಡನೆಯ ಊರಾಯಿತು. ಕೋಟೆಯ ಗೋಡೆ ಆಗತಾನೆ ಪೂರ್ಣಗೊಂಡಿತ್ತು. ಗಗನಮಹಲು ಎದ್ದು ನಿಂತಿತ್ತು. ಜುಮ್ಮಾ ಮಸೀದಿಯ ಕೆಲಸ ನಡೆದಿತ್ತು. ೧೫೭೯ರಲ್ಲಿ ಚಾಂದ್ ಬಾವಡಿ ಸಿದ್ಧವಾಯಿತು. ಪರ್ಶಿಯನ್, ಅರಬ್ಬಿ, ದಖನಿ, ಕನ್ನಡ, ಮರಾಠಿ, ಸಂಸ್ಕೃತಗಳು ಒಂದೇ ಪೇಟೆಯಲ್ಲಿ ಕೇಳಿಬರುತ್ತಿದ್ದ ಊರಿನಲ್ಲಿ ಅವರು ವರ್ಷಗಟ್ಟಲೆ ಬಾಳಿದರು.

ಆ ಬಾಳು ೧೫೮೦ರಲ್ಲಿ ಕದಡಿತು. ಆ ವರ್ಷದ ಏಪ್ರಿಲಿನಲ್ಲಿ ಅಲಿ ಆದಿಲಶಹನು ತನ್ನ ಅರಮನೆಯಲ್ಲಿಯೇ ಕೊಲೆಯಾದನು. ಸಿಂಹಾಸನವೇರಿದ ಎರಡನೆಯ ಇಬ್ರಾಹಿಮನು ಇನ್ನೂ ಒಂಬತ್ತು ಹತ್ತು ವರ್ಷದ ಬಾಲಕ. ಅಲಿಯ ವಿಧವೆ ಚಾಂದಬೀಬಿಯು ರಾಜ್ಯವನ್ನು ಸಂಭಾಳಿಸಲು ಹೆಣಗಿದಳು. ಒಬ್ಬ ಸರದಾರನನ್ನು ಕೆಡಹಿ ಮತ್ತೊಬ್ಬನು ಅಧಿಕಾರ ಹಿಡಿಯುತ್ತ ಹೋದನು. ಅಫಾಕಿಗಳ ಬಣವು ಮುರಿಯಿತು. ೧೫೮೨ರಲ್ಲಿ ದಿಲಾವರ್ ಖಾನನ ಕೈಗೆ ಅಧಿಕಾರ ಬಂದ ಮೇಲೆ ಖುತ್ಬಾವೂ ಸುನ್ನಿ ಪದ್ಧತಿಗೆ ಮರಳಿತು. ಈ ಬಿರುಗಾಳಿಯಲ್ಲಿ ನೆಲೆ ಕಳೆದುಕೊಂಡವರಲ್ಲಿ ಶಿರಾಜಿಯವರೂ ಒಬ್ಬರು. ಅವರನ್ನು ಕರೆಸಿದ ಅರಸನ ಸಮಾಧಿಯು ಊರಿನ ನೈರುತ್ಯ ಭಾಗದಲ್ಲಿ ಅಲಿ ರೋಜಾ ಎಂಬ ಹೆಸರಿನಿಂದ ಇಂದೂ ಇದೆ. ಬಾರಾಕಮಾನಿನ ಎರಡನೆಯ ಅಲಿಯೊಡನೆ ಈತನನ್ನು ಬೆರೆಸಬಾರದು. ಅಲಂಕಾರವಿಲ್ಲದ ಆ ಸಾಧಾರಣ ಕಟ್ಟಡದ ಮುಂದೆ ನಿಂತವನಿಗೆ, ಒಬ್ಬನ ಕೊಲೆಯಿಂದ ಊರೊಂದು ಅರಸನನ್ನಷ್ಟೇ ಅಲ್ಲ, ಗುರುವನ್ನೂ ಕಳೆದುಕೊಂಡಿತೆಂಬುದು ನೆನಪಾಗದಿರದು.

ಬಿಜಾಪುರ ಕೈಬಿಟ್ಟದ್ದನ್ನು ಉತ್ತರ ಹಿಂದುಸ್ಥಾನ ಎತ್ತಿಕೊಂಡಿತು. ಅಲಿ ಕೊಲೆಯಾದ ಸಮಯದಲ್ಲಿ ಮೊಗಲರ ರಾಯಭಾರಿಯೊಬ್ಬನು ಬಿಜಾಪುರದಲ್ಲಿಯೇ ಇದ್ದನು. ಇಂಥ ಆಚಾರ್ಯರ ಸುದ್ದಿ ಅಕಬರನ ಕಿವಿಗೆ ಬೀಳಲು ತಡವಾಗಿರಲಾರದು. ಬಾದಶಹನ ಕರೆಯಂತೆ ೧೫೮೩ರಲ್ಲಿ ಶಿರಾಜಿಯವರು ಫತೇಪುರ ಸಿಕ್ರಿಯನ್ನು ತಲುಪಿದಾಗ ಅವರನ್ನು ಎದುರುಗೊಳ್ಳಲು ದರ್ಬಾರಿನ ಹಿರಿಯರನ್ನೇ ಕಳುಹಿಸಲಾಯಿತು. ದಾನದತ್ತಿಗಳ ಮೇಲ್ವಿಚಾರಣೆಯ ‘ಸದರ್’ ಪದವಿ ಅವರದಾಯಿತು. ೧೫೮೫ರಲ್ಲಿ ಅವರು ‘ಅಮೀನುಲ್‌ಮುಲ್ಕ್’ ಎನಿಸಿದರು. ಕಂದಾಯದ ವ್ಯವಹಾರದಲ್ಲಿ ಇವರೊಡನೆ ಸಮಾಲೋಚಿಸಬೇಕೆಂದು ರಾಜಾ ತೋಡರಮಲ್ಲನಿಗೆ ಆಜ್ಞೆಯಾಯಿತು. ವರ್ಷಗಳಿಂದ ಇತ್ಯರ್ಥವಾಗದೆ ಬಿದ್ದಿದ್ದ ಹಳೆಯ ಬಾಕಿಯ ಲೆಕ್ಕಗಳನ್ನು ಅವರು ತಪಾಸಿಸಿ ದಾರಿಗೆ ತಂದರು. ಅನಂತರ ‘ಅಜದುದ್ದೌಲಾ’ ಎಂಬ ಬಿರುದನ್ನು ಪಡೆದು ದಖನ್ನಿನ ವ್ಯವಹಾರಕ್ಕಾಗಿ ಖಾನದೇಶದ ಕಡೆಗೆ ಹೋದರಾದರೂ ಆ ಕಾರ್ಯವು ಕೈಗೂಡಲಿಲ್ಲ.

ಅವರ ಕೆಲಸಗಳಲ್ಲಿ ಜನಸಾಮಾನ್ಯರಿಗೆ ಮುಟ್ಟಿದ್ದು ಪಂಚಾಂಗದ ಸುಧಾರಣೆ. ಇದನ್ನು ವಿಜಯಪುರದವರಿಗೆ ಸುಲಭವಾಗಿ ವಿವರಿಸಬಹುದು. ಸಿದ್ಧೇಶ್ವರ ಜಾತ್ರೆಯು ಮಕರ ಸಂಕ್ರಾಂತಿಗೆ ಬರುತ್ತದೆ. ಸೂರ್ಯನ ಗತಿಯನ್ನು ಅನುಸರಿಸುವುದರಿಂದ ಅದು ಪ್ರತಿ ವರ್ಷವೂ ಚಳಿಗಾಲದಲ್ಲಿಯೇ ನಡೆಯುತ್ತದೆ. ಮೊಹರಂ ಹಾಗಲ್ಲ. ಚಂದ್ರನ ವರ್ಷಕ್ಕೆ ೩೫೪ ದಿನಗಳಾದುದರಿಂದ ಆ ಹಬ್ಬವು ವರ್ಷಕ್ಕೆ ಸುಮಾರು ೧೧ ದಿನ ಹಿಂದಕ್ಕೆ ಸರಿಯುತ್ತ, ಒಮ್ಮೆ ಬೇಸಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುತ್ತದೆ. ಹಬ್ಬಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಕಂದಾಯಕ್ಕೆ ಬಾಧಕವುಂಟು. ೩೨ ಸೌರವರ್ಷಗಳಲ್ಲಿ ರೈತನು ೩೨ ಬೆಳೆಗಳನ್ನು ತೆಗೆಯುತ್ತಾನೆ. ಅದೇ ಅವಧಿಯಲ್ಲಿ ಚಂದ್ರಮಾನದ ಲೆಕ್ಕಕ್ಕೆ ೩೩ ವರ್ಷಗಳು ಕಳೆದಿರುತ್ತವೆ. ಬೆಳೆಯದ ಒಂದು ಬೆಳೆಯ ಮೇಲೆ ರೈತನು ತೆರಿಗೆ ತೆರಬೇಕಾದ ಅನ್ಯಾಯವಿದು. ಅಕಬರನ ಆಜ್ಞೆಯಂತೆ ೧೫೮೪ರಲ್ಲಿ ಶಿರಾಜಿಯವರು ಸೌರಮಾನದ ‘ಇಲಾಹಿ’ ಶಕೆಯನ್ನು ರಚಿಸಿದರು. ಬಾದಶಹನು ಪಟ್ಟಕ್ಕೆ ಬಂದ ೧೫೫೬ರ ವಸಂತದ ನವರೋಜಿನಿಂದ ಅದರ ಎಣಿಕೆ ಆರಂಭವಾಯಿತು.

ಇಲ್ಲಿ ಒಂದು ಮಾತನ್ನು ಊಹೆಯೆಂದೇ ಹೇಳಬಹುದು. ಬಿಜಾಪುರದ ದಫ್ತರಗಳಲ್ಲಿ ‘ಶುಹೂರ್ ಸನ್’ ಎಂಬ ಸೌರವರ್ಷವು ಮೊದಲಿನಿಂದಲೇ ಬಳಕೆಯಲ್ಲಿತ್ತು. ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸುವಾಗ, ಎಂದರೆ ನಮ್ಮ ರೈತರು ಮಿರಗದ ಮಳೆಗಾಗಿ ಮುಗಿಲು ನೋಡುವ ದಿನಗಳಲ್ಲಿ, ಆ ವರ್ಷ ತೊಡಗುತ್ತಿತ್ತು. ಖಗೋಳಜ್ಞರಾದ ಶಿರಾಜಿಯವರು ಇಲ್ಲಿದ್ದಾಗ ಇದನ್ನು ಗಮನಿಸದೆ ಇದ್ದಿರಲಾರರು. ಪರ್ಶಿಯಾದಲ್ಲಿಯೂ ಸೌರ ಪಂಚಾಂಗದ ಪರಂಪರೆ ಇತ್ತಾದುದರಿಂದ ಇಲಾಹಿ ಶಕೆಯ ಮೂಲವು ಬಿಜಾಪುರವೆಂದು ಸಾಧಿಸಲಾಗದು. ಆದರೂ ಉಳುವವನ ವರ್ಷ ಬೇರೆ, ಉಪವಾಸದ ವರ್ಷ ಬೇರೆ ಎಂಬ ವಿವೇಕವು ಜಾರಿಯಲ್ಲಿದ್ದ ನಾಡಿನಿಂದಲೇ ಅವರು ಉತ್ತರಕ್ಕೆ ಹೋದರೆಂಬುದು ನಿಜ.

ಸಮರಖಂದದ ಉಲೂಗ್ ಬೇಗನ ಖಗೋಳ ಕೋಷ್ಟಕಗಳ ಒಂದು ಭಾಗವು ಅವರ ಮೇಲ್ವಿಚಾರಣೆಯಲ್ಲಿ, ಕಿಶನ್ ಜ್ಯೋತಿಷಿ, ಗಂಗಾಧರ ಮೊದಲಾದ ಪಂಡಿತರ ನೆರವಿನಿಂದ ಅನುವಾದಗೊಂಡಿತು. ಚಕ್ಕಡಿಯ ಮೇಲೆ ಸಾಗುತ್ತಲೇ ಹಿಟ್ಟು ಬೀಸುವ ಗಿರಣಿ, ಒಂದೇ ಬಾರಿಗೆ ಹಲವು ಬಂದೂಕಗಳ ನಳಿಗೆಗಳನ್ನು ಶುದ್ಧಗೊಳಿಸುವ ಯಂತ್ರ, ಒಂದೇ ಬತ್ತಿಯಿಂದ ಹಲವು ಗುಂಡು ಹಾರಿಸುವ ಬಂದೂಕು ಇವೆಲ್ಲ ಶಿರಾಜಿಯವರ ಕಲ್ಪನೆಯ ಫಲವೆಂದು ಪ್ರಸಿದ್ಧಿಯಿದೆ. ಅಬುಲ್ ಫಜಲನ ‘ಐನ್-ಎ-ಅಕಬರಿ’ಯು ಇವುಗಳಲ್ಲಿ ಕೆಲವನ್ನು ಅಕಬರನ ಹೆಸರಿಗೇ ಸಲ್ಲಿಸುತ್ತದೆ. ಒಡೆಯನ ಹೆಸರಿನ ಹಿಂದೆ ಕುಶಲಿಯ ಹೆಸರು ಮರೆಯಾಗುವುದು ರಾಜಸಭೆಗಳಲ್ಲಿ ಹೊಸದಲ್ಲ.

ಇಷ್ಟೆಲ್ಲ ವೈಭವದ ನಡುವೆ ಆ ಮನುಷ್ಯನು ಎಂಥವನಿದ್ದನು? ಇದಕ್ಕೆ ಉತ್ತರ ಸಿಗುವುದು ಅಬ್ದುಲ್ ಖಾದಿರ್ ಬದಾಯೂನಿಯ ಬರಹದಲ್ಲಿ. ಬದಾಯೂನಿಯು ಕಟ್ಟಾ ಸುನ್ನಿ. ಅಕಬರನ ಆಸ್ಥಾನದ ಮತವಿಚಾರಗಳನ್ನು ಕಟುವಾಗಿ ಖಂಡಿಸಿದವನು. ಶಿಯಾ ಪಂಥದ ವಿಷಯದಲ್ಲಿ ಅವನಿಗೆ ಕಿಂಚಿತ್ತೂ ಮೃದುತನವಿರಲಿಲ್ಲ. ಇಸ್ಲಾಮಿನ ಸಾವಿರ ವರ್ಷಗಳ ಇತಿಹಾಸವನ್ನು ಬರೆಯಲು ಬಾದಶಹನು ನೇಮಿಸಿದ ವಿದ್ವಾಂಸರ ಮಂಡಲಿಯಲ್ಲಿ ಅವನೂ ಶಿರಾಜಿಯವರೂ ಜೊತೆಗಿದ್ದುದರಿಂದ ಅವನದು ಹತ್ತಿರದಿಂದ ಕಂಡವನ ಸಾಕ್ಷ್ಯ. ಮಿತ್ರನ ಹೊಗಳಿಕೆಗಿಂತ ಪ್ರತಿಪಕ್ಷಿಯ ಒಪ್ಪಿಗೆಗೆ ತೂಕ ಹೆಚ್ಚು ಎಂಬುದು ಇತಿಹಾಸದ ನ್ಯಾಯ.

ಬದಾಯೂನಿ ಹೇಳುವ ಮೊದಲ ಸಂಗತಿ ಅವರ ನಿಷ್ಠೆ. ಆ ದರ್ಬಾರಿನಲ್ಲಿ ಬಾದಶಹನ ಒಲವಿಗೆ ತಕ್ಕಂತೆ ಮತವನ್ನು ತಿರುಗಿಸಿಕೊಂಡವರು ಹಲವರು. ಶಿರಾಜಿಯವರನ್ನೂ ಅದೇ ದಾರಿಗೆ ಎಳೆಯಬಹುದೆಂಬ ನಿರೀಕ್ಷೆಯಿತ್ತು. ಅವರು ಎಳೆತಕ್ಕೆ ಸಿಕ್ಕಲಿಲ್ಲ. ಇತರರು ನಮಾಜು ಮಾಡಲು ಅಳುಕುತ್ತಿದ್ದ ದಿವಾನಖಾನೆಯಲ್ಲಿಯೇ ಅವರು ನಿಶ್ಚಿಂತೆಯಿಂದ ತಮ್ಮ ಇಮಾಮಿಯಾ ಪದ್ಧತಿಯ ಪ್ರಾರ್ಥನೆಯನ್ನು ಸಲ್ಲಿಸುತ್ತಿದ್ದರು. ಅಕಬರನು ಅವರ ವಿದ್ಯೆಯನ್ನು ನೆನೆದು ಅದನ್ನು ಸಹಿಸಿಕೊಂಡನು. ಪದವಿಯನ್ನು ಪಡೆದರೂ ನಂಬಿಕೆಯನ್ನು ಮಾರಿಕೊಳ್ಳದ ಈ ಧೈರ್ಯವನ್ನು ಆ ನಂಬಿಕೆಯ ವಿರೋಧಿಯೇ ದಾಖಲಿಸಿರುವುದು ವಿಶೇಷ.

ಎರಡನೆಯ ಸಂಗತಿ ಇನ್ನೂ ಹೃದ್ಯವಾದುದು. ಇಷ್ಟು ದೊಡ್ಡ ವಿದ್ವಾಂಸರು, ರಾಜ್ಯದ ಕಂದಾಯವನ್ನು ನೋಡುವ ಮಂತ್ರಿಗಳು, ದಿನವೂ ಸರದಾರರ ಮನೆಗಳಿಗೆ ಹೋಗಿ ಅವರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಶಾಸ್ತ್ರ ಬಲ್ಲ ತರುಣರಿಗಷ್ಟೇ ಅಲ್ಲ. ಏಳೆಂಟು ವರ್ಷದ ಬಾಲಕರಿಗೆ, ಅದಕ್ಕೂ ಚಿಕ್ಕವರಿಗೆ, ಅಕ್ಷರ ಬಿಂದುಗಳನ್ನು ತಿದ್ದಿಸುತ್ತಿದ್ದರು. ಅಬುಲ್ ಫಜಲನ ಮಗನೂ ಆ ಮಕ್ಕಳಲ್ಲಿದ್ದನು. ಬದಾಯೂನಿಗೆ ಇದು ವಿದ್ಯೆಯ ಘನತೆಗೆ ಕುಂದೆಂದು ತೋರಿತು. ಅವನು ಅಣಕದಿಂದಲೇ ಬರೆದನು. ಆದರೆ ಮಠದ ಅಂಗಳದಲ್ಲಿ ಮರಳ ಮೇಲೆ ಬೆರಳಿಟ್ಟು ಅಕ್ಷರ ಕಲಿತ ಹಿರಿಯರ ಮಾತು ಕೇಳಿ ಬೆಳೆದ ನಮ್ಮ ಓದುಗರಿಗೆ ಇದರಲ್ಲಿ ಕುಂದು ಕಾಣದು. ಉಲೂಗ್ ಬೇಗನ ಕೋಷ್ಟಕವನ್ನು ತಿದ್ದುವ ಕೈಯೇ ಮಗುವಿನ ಮೊದಲ ಅಕ್ಷರವನ್ನೂ ತಿದ್ದಿತೆಂದರೆ ಅದು ವಿದ್ಯೆಯ ಪರಿಪೂರ್ಣತೆಯೇ ಸರಿ.

ಮೂರನೆಯದು ದೋಷದ ಮಾತು, ಅದನ್ನು ಮುಚ್ಚಿಡಬಾರದು. ಸಭೆಯಲ್ಲಿ ಸೌಜನ್ಯದ ಮೂರ್ತಿಯಾಗಿದ್ದ ಶಿರಾಜಿಯವರು ಪಾಠಕ್ಕೆ ಕುಳಿತರೆ ಶಿಷ್ಯರ ಮೇಲೆ ಬೈಗುಳ ಕುಹಕಗಳ ಸುರಿಮಳೆಗರೆಯುತ್ತಿದ್ದರು, ಆದ್ದರಿಂದ ಅವರ ಬಳಿ ನಿಲ್ಲುವವರು ಕಡಿಮೆ ಎಂದು ಬದಾಯೂನಿ ದೂರುತ್ತಾನೆ. ಇದು ಬರಿಯ ದ್ವೇಷದ ಮಾತೆಂದು ತಳ್ಳಿಹಾಕಲು ಆಧಾರವಿಲ್ಲ. ಮಹಾಪುರುಷರೆಂದರೆ ದೋಷರಹಿತರೆಂದು ಚಿತ್ರಿಸುವುದು ಭಕ್ತಿಯಾದೀತು, ಇತಿಹಾಸವಾಗದು. ಆದರೂ, ಶಿಷ್ಯರು ನಿಲ್ಲಲಿಲ್ಲವೆಂಬ ಅವನ ತೀರ್ಮಾನವನ್ನು ಮುಂದಿನ ಕಾಲವು ಸುಳ್ಳಾಗಿಸಿತು.

೧೫೮೯ರಲ್ಲಿ ಅಕಬರನೊಡನೆ ಕಾಶ್ಮೀರಕ್ಕೆ ಹೋದ ಶಿರಾಜಿಯವರು ಅಲ್ಲಿ ಜ್ವರಕ್ಕೆ ತುತ್ತಾದರು. ಸ್ವತಃ ವೈದ್ಯರಾದುದರಿಂದ ತಮ್ಮ ಚಿಕಿತ್ಸೆಯನ್ನು ತಾವೇ ಮಾಡಿಕೊಂಡರು. ಬೇಡವೆಂದರೂ ಕೇಳದೆ ಹರೀಸಾ ಎಂಬ ಜಡವಾದ ಗೋದಿಯ ಪಾಕವನ್ನು ತಿಂದರೆಂದು ಬದಾಯೂನಿಯ ಹೇಳಿಕೆ. ಅದೇ ವರ್ಷ ಅವರು ಕಾಲವಾದರು. ನಾವು ಶಂಕರಾಚಾರ್ಯ ಬೆಟ್ಟವೆಂದು ಕರೆಯುವ, ಪರ್ಶಿಯನ್ ಬರಹಗಾರರು ತಖ್ತ್-ಎ-ಸುಲೇಮಾನ್ ಎಂದ ಶ್ರೀನಗರದ ಬೆಟ್ಟದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಅವರು ಪರಂಗಿಗಳ ಸೆರೆಗೆ ಸಿಕ್ಕಿದ್ದರೆ, ಇಡೀ ಬೊಕ್ಕಸವನ್ನೇ ಕೊಟ್ಟು ಬಿಡಿಸಿಕೊಂಡಿದ್ದರೂ ಆ ವ್ಯಾಪಾರ ಅಗ್ಗವಾಗುತ್ತಿತ್ತೆಂದು ಅಕಬರನು ಮರುಗಿದನು. ಪುರಾತನರ ಗ್ರಂಥಗಳೆಲ್ಲ ನಾಶವಾದರೂ ಜ್ಞಾನದ ಕಟ್ಟಡಕ್ಕೆ ಹೊಸದಾಗಿ ತಳಹದಿ ಹಾಕಬಲ್ಲವರು ಅವರೆಂದು ಅಬುಲ್ ಫಜಲನು ಬರೆದನು. ಕವಿ ಫೈಜಿಯು ಶೋಕಗೀತೆಯನ್ನು ರಚಿಸಿದನು.

ಮುಂದೆ ಉಳಿದದ್ದೇನು? ಇಲಾಹಿ ಶಕೆಯು ಮೊಗಲ್ ಅರಸರೊಡನೆಯೇ ಮಾಸಿತು. ಯಂತ್ರಗಳು ಗ್ರಂಥಗಳ ವರ್ಣನೆಯಲ್ಲಿ ಮಾತ್ರ ಉಳಿದವು. ಉಳಿದುಬಂದದ್ದು ಪಾಠ. ದವ್ವಾನಿ, ಘಿಯಾಸುದ್ದೀನ್ ಮನ್ಸೂರ್ ಮೊದಲಾದ ಪರ್ಶಿಯನ್ ತತ್ತ್ವಜ್ಞರ ಗ್ರಂಥಗಳನ್ನು ಹಿಂದುಸ್ಥಾನದ ಪಾಠಕ್ರಮಕ್ಕೆ ತಂದವರು ಶಿರಾಜಿಯವರೆಂದು ಹದಿನೆಂಟನೆಯ ಶತಮಾನದ ವಿದ್ವಾಂಸನಾದ ಆಜಾದ್ ಬಿಲಗ್ರಾಮಿ ಬರೆದಿದ್ದಾನೆ. ಅವರ ಶಿಷ್ಯ ಲಾಹೋರಿನ ಮುಲ್ಲಾ ಅಬ್ದುಸ್ ಸಲಾಂ. ಆತನ ಶಿಷ್ಯ ದೇವಾ ಊರಿನ, ಅದೇ ಹೆಸರಿನ ಮತ್ತೊಬ್ಬ ಅಬ್ದುಸ್ ಸಲಾಂ. ಆತನ ಶಿಷ್ಯ ಮುಲ್ಲಾ ದಾನಿಯಾಲ್. ಅಲ್ಲಿಂದ ಸಿಹಾಲಿಯ ಮುಲ್ಲಾ ಕುತುಬುದ್ದೀನ್. ಕುತುಬುದ್ದೀನರ ಮಗನೇ ಲಖನೌದ ಫಿರಂಗಿ ಮಹಲಿನ ಮುಲ್ಲಾ ನಿಜಾಮುದ್ದೀನ್. ೧೭೪೮ರಲ್ಲಿ ತೀರಿಕೊಂಡ ಅವರ ಹೆಸರಿನ ‘ದರ್ಸ್-ಎ-ನಿಜಾಮಿ’ ಎಂಬ ಪಾಠಕ್ರಮವು ಹಲವು ಮಾರ್ಪಾಟುಗಳೊಡನೆ ಭಾರತ ಉಪಖಂಡದ ಮದ್ರಸಾಗಳಲ್ಲಿ ಇಂದಿಗೂ ನಡೆದಿದೆ.

ಈ ಗುರುಪರಂಪರೆಯಲ್ಲಿ ಒಂದು ಸತ್ಯ ಅಡಗಿದೆ. ಫಿರಂಗಿ ಮಹಲಿನ ವಿದ್ವಾಂಸರು ಸುನ್ನಿಗಳು. ಬಿಜಾಪುರದಲ್ಲಿ ಯಾವ ಪಂಥಭೇದದ ಬಣಜಗಳದಿಂದ ಶಿರಾಜಿಯವರ ನೆಲೆ ತಪ್ಪಿತೋ, ಆ ಭೇದವನ್ನು ಅವರ ವಿದ್ಯೆಯು ಸದ್ದಿಲ್ಲದೆ ದಾಟಿಹೋಯಿತು. ಶಿಯಾ ಗುರುವಿನಿಂದ ಹೊರಟ ಪಾಠವನ್ನು ಸುನ್ನಿ ಶಿಷ್ಯರು ಕಾಪಾಡಿದರು. ಖುತ್ಬಾದಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಕತ್ತಿ ಹಿರಿದವರು ಬಲ್ಲದ ದಾರಿಯನ್ನು ಪಾಠಪಟ್ಟಿಯು ತಾನೇ ಕಂಡುಕೊಂಡಿತು.

ಬಿಜಾಪುರವು ಆಮೇಲೆ ಬಡವಾಗಲಿಲ್ಲ ನಿಜ. ಬಾಲಕ ಇಬ್ರಾಹಿಮನು ಬೆಳೆದು ಜಗದ್ಗುರುವೆನಿಸಿ ಸಂಗೀತ ಸಾಹಿತ್ಯಗಳನ್ನು ಪೊರೆದನು. ೧೫೮೯ರಲ್ಲಿ, ಶಿರಾಜಿಯವರು ತೀರಿದ ವರ್ಷವೇ, ಚರಿತ್ರಕಾರ ಫಿರಿಸ್ತಾ ಬಿಜಾಪುರಕ್ಕೆ ಬಂದನು. ಆದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಆ ಆಚಾರ್ಯರು ತಮ್ಮ ಕೊನೆಯ ದಿನದವರೆಗೆ ಇಲ್ಲಿಯೇ ಇದ್ದಿದ್ದರೆ, ಆ ಪರಂಪರೆಯ ಮೊದಲ ಶಿಷ್ಯನು ಲಾಹೋರಿನವನಾಗದೆ ಬಿಜಾಪುರದವನಾಗುತ್ತಿರಲಿಲ್ಲವೆ? ಕಟ್ಟಡವನ್ನು ಕಾಯಲು ಕಾವಲುಗಾರ ಸಾಕು. ಗುರುವನ್ನು ಕಾಯಲು ಊರಿನಲ್ಲಿ ಶಾಂತಿ ಬೇಕು, ಭಿನ್ನಮತವನ್ನು ಸಹಿಸುವ ಮನಸ್ಸು ಬೇಕು. ೨೦೧೪ರಲ್ಲಿ ಬಿಜಾಪುರವು ಅಧಿಕೃತವಾಗಿ ವಿಜಯಪುರವೆನಿಸಿತು. ಹೆಸರು ಯಾವುದಾದರೂ ಊರಿನ ಋಣಗಳು ಬದಲಾಗುವುದಿಲ್ಲ. ಗೋಳಗುಮ್ಮಟವನ್ನು ನಮ್ಮ ಮಕ್ಕಳಿಗೆ ತೋರಿಸುವಾಗ, ಅದು ಏಳುವುದಕ್ಕೂ ಮುಂಚೆ ಇದೇ ಊರಿನಲ್ಲಿದ್ದು, ಮುಂದೆ ಮಂತ್ರಿಯಾದ ಮೇಲೂ ಮಕ್ಕಳ ಅಕ್ಷರ ತಿದ್ದುವುದನ್ನು ಬಿಡದ ಈ ಗುರುವಿನ ಹೆಸರನ್ನೂ ಹೇಳೋಣ.